ಕೆಂಪು ದೀಪ, ಕ್ಯಾಮೆರಾ ಮತ್ತು ಹಳದಿಯ ಮೂರು ಸೆಕೆಂಡು

ದೀಪಾವಳಿ ರಜೆ ಮುಗಿಸಿ ಬಂದ ಏಳನೆಯ ತರಗತಿಯ ಹುಡುಗನೊಬ್ಬ ಪುಣೆಯಲ್ಲಿ ತಾನು ಕಂಡದ್ದನ್ನು ಹೇಳುತ್ತಿದ್ದ. "ಸರ್, ರಾತ್ರಿ ಹನ್ನೊಂದಾಗಿತ್ತು. ಚೌಕದಾಗ ಒಂದ್ ಗಾಡೀನೂ ಇರ್ಲಿಲ್ಲ, ಪೊಲೀಸರೂ ಇರ್ಲಿಲ್ಲ. ಆದ್ರೂ ನಮ್ ಮಾಮಾ ಕೆಂಪ್ ದೀಪಕ್ಕ ನಿಂತ. ಯಾಕಂತ ಕೇಳಿದ್ರ, ಮ್ಯಾಲ ಕ್ಯಾಮೆರಾ ಐತಿ, ಚಲನ್ ಬರ್ತದ ಅಂದ." ಅಷ್ಟು ಹೇಳಿ ಅವನು ಕೇಳಿದ ಪ್ರಶ್ನೆ ಹೀಗಿತ್ತು: "ಸರ್, ಕ್ಯಾಮೆರಾ ಇದ್ರ ಆ್ಯಕ್ಸಿಡೆಂಟ್ ಆಗೂದಿಲ್ಲೇನ್ರಿ?"

ಸುಲಭದ ಪ್ರಶ್ನೆ ಅನಿಸಿತು. "ಆಗೋದು ಕಡಿಮೆ ಆಗ್ತದ" ಎಂದು ಹೇಳಿ ಪಾಠಕ್ಕೆ ಹೊರಳಿದೆ. ಸಂಜೆ ಮನೆಗೆ ಬಂದ ಮೇಲೆ ನನ್ನ ಉತ್ತರದ ಬಗ್ಗೆ ನನಗೇ ಅನುಮಾನ ಬಂತು. ಹುಡುಕುತ್ತಾ ಹೋದರೆ ಇದು ನೂರೈವತ್ತು ವರ್ಷಗಳ ಕಥೆ. ಉತ್ತರವೂ ನಾನು ಹೇಳಿದಷ್ಟು ಸರಳವಲ್ಲ. ಆ ಹುಡುಗನಿಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ರಸ್ತೆಯ ಕೆಂಪು ದೀಪ ಹುಟ್ಟಿದ್ದು ಮೋಟಾರು ಗಾಡಿಗಳಿಗಿಂತ ಮೊದಲು! 1868ರ ಡಿಸೆಂಬರ್ 10ರಂದು ಲಂಡನ್ನಿನ ಪಾರ್ಲಿಮೆಂಟ್ ಭವನದ ಹತ್ತಿರದ ಚೌಕದಲ್ಲಿ ಜಗತ್ತಿನ ಮೊದಲ ಸಿಗ್ನಲ್ ಕಂಬ ನಿಂತಿತು. ಅದನ್ನು ರೂಪಿಸಿದವನು ಜಾನ್ ಪೀಕ್ ನೈಟ್ ಎಂಬ ರೈಲ್ವೆ ಮನುಷ್ಯ. ರೈಲಿಗೆ ಕೈ ತೋರಿಸಿ ನಿಲ್ಲಿಸುವ ಪದ್ಧತಿಯನ್ನೇ ಅವನು ಕುದುರೆ ಗಾಡಿಗಳಿಗೂ ತಂದ. ಹಗಲಿನಲ್ಲಿ ಕಂಬದ ಕೈಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ರಾತ್ರಿ ಕೆಂಪು ಮತ್ತು ಹಸಿರು ಗಾಜಿನ ಹಿಂದೆ ಗ್ಯಾಸ್ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಪೊಲೀಸನೊಬ್ಬ ನಿಂತು ಅದನ್ನು ನಡೆಸಬೇಕಾಗಿತ್ತು. ಒಂದು ತಿಂಗಳೂ ಕಳೆದಿರಲಿಲ್ಲ, 1869ರ ಜನವರಿಯಲ್ಲಿ ಗ್ಯಾಸ್ ಸೋರಿ ಅದು ಸ್ಫೋಟಿಸಿತು. ನಡೆಸುತ್ತಿದ್ದ ಪೊಲೀಸನಿಗೇ ಗಾಯವಾಯಿತು. ಆಮೇಲೆ ಅರ್ಧ ಶತಮಾನ ಲಂಡನ್ ಆ ಗೋಜಿಗೇ ಹೋಗಲಿಲ್ಲ. ರಸ್ತೆ ಕಾಯಲೆಂದು ತಂದ ಯಂತ್ರ ತನ್ನದೇ ಹೊಸ ಅಪಾಯವನ್ನೂ ಜೊತೆಗೆ ತಂದಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿದ್ಯುತ್ ದೀಪದ ಸಿಗ್ನಲ್ ಬಂದದ್ದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ, 1914ರ ಆಗಸ್ಟ್ 5ರಂದು. ಅದರಲ್ಲಿ ಇದ್ದದ್ದು ಎರಡೇ ಬಣ್ಣ, ಕೆಂಪು ಮತ್ತು ಹಸಿರು. ದೀಪ ಬದಲಾಗುವ ಮೊದಲು ಎಚ್ಚರಿಸಲು ಒಂದು ಗಂಟೆ ಬಾರಿಸುತ್ತಿತ್ತು. ಮೋಟಾರುಗಳು ಹೆಚ್ಚಾದ ಮೇಲೆ ಹಸಿರು ಹೋಗಿ ಥಟ್ಟನೆ ಕೆಂಪು ಬಂದರೆ ಓಡುವ ಗಾಡಿ ಎಲ್ಲಿ ನಿಲ್ಲಬೇಕು? ಈ ತೊಡಕನ್ನು ಬಿಡಿಸಿದವನು ಎಂಜಿನಿಯರ್ ಅಲ್ಲ, ಡೆಟ್ರಾಯಿಟ್ ನಗರದ ವಿಲಿಯಂ ಪಾಟ್ಸ್ ಎಂಬ ಪೊಲೀಸ್ ಅಧಿಕಾರಿ. 1920ರಲ್ಲಿ ಅವನು ನಾಲ್ಕು ದಿಕ್ಕಿಗೂ ಕಾಣುವ ಮೂರು ಬಣ್ಣದ ದೀಪ ಮಾಡಿದ. ನಡುವೆ ಬಂದದ್ದೇ ಹಳದಿ. ನಮ್ಮ ಮಕ್ಕಳು ಕೆಂಪು ಅಂದರೆ ನಿಲ್ಲು, ಹಸಿರು ಅಂದರೆ ಹೋಗು ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಹಳದಿ ಬಂದಾಗ ಮಾತ್ರ ಧ್ವನಿ ಸಣ್ಣದಾಗುತ್ತದೆ. ದೊಡ್ಡವರ ಕಥೆಯೂ ಅಷ್ಟೇ. ಈ ಇಡೀ ಜಗಳದ ಬೇರು ಇರುವುದೇ ಹಳದಿಯಲ್ಲಿ.

ಇನ್ನು ಕ್ಯಾಮೆರಾ. ಇದರ ಹಿಂದಿರುವ ಹೆಸರು ಮಾರಿಸ್ ಗ್ಯಾಟ್ಸೊನೈಡ್ಸ್. ಡಚ್ ಪ್ರಜೆ, ಹುಟ್ಟಿದ್ದು ಜಾವಾ ದ್ವೀಪದಲ್ಲಿ. 1953ರ ಮಾಂಟೆ ಕಾರ್ಲೊ ಕಾರು ರ‍್ಯಾಲಿ ಗೆದ್ದವನು. ತಿರುವುಗಳಲ್ಲಿ ತನ್ನ ಕಾರು ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ಅಳೆದು, ಇನ್ನೂ ಜೋರಾಗಿ ಓಡಿಸಲೆಂದು ಅವನು ಅಳತೆಯ ಉಪಕರಣ ಮಾಡಿಕೊಂಡಿದ್ದ. ಜೋರಾಗಿ ಓಡಿಸಲು ಮಾಡಿದ್ದೇ ಕೊನೆಗೆ ಜೋರಾಗಿ ಓಡಿಸುವವರನ್ನು ಹಿಡಿಯುವ ಸಾಧನವಾಯಿತು! 1958ರಲ್ಲಿ ಅವನು ಕಟ್ಟಿದ ಕಂಪನಿ 1960ರ ದಶಕದ ನಡುವಿನಲ್ಲಿ ಕೆಂಪು ದೀಪದ ಕ್ಯಾಮೆರಾ ಹೊರತಂದಿತು. ರಸ್ತೆಗೆ ಅಡ್ಡಲಾಗಿ ರಬ್ಬರ್ ಕೊಳವೆ ಹಾಸಿರುತ್ತಿದ್ದರು. ದೀಪ ಕೆಂಪಾಗಿದ್ದಾಗ ಚಕ್ರ ಅದರ ಮೇಲೆ ಹಾಯ್ದರೆ ಕ್ಯಾಮೆರಾ ಕ್ಲಿಕ್ ಎನ್ನುತ್ತಿತ್ತು. ಮುಂದೆ ಕೊಳವೆ ಹೋಗಿ ರಸ್ತೆಯೊಳಗೆ ಹುದುಗಿಸಿದ ತಂತಿ ಸುರುಳಿ ಬಂತು, ಈಗ ವಿಡಿಯೊ ನೋಡಿ ನಂಬರ್ ಪ್ಲೇಟ್ ಓದುವ ಕಂಪ್ಯೂಟರ್ ಬಂದಿದೆ. ತತ್ವ ಮಾತ್ರ ಅದೇ: ಗೆರೆ ದಾಟುವ ಮೊದಲು ಒಂದು ಚಿತ್ರ, ದಾಟಿದ ಮೇಲೆ ಇನ್ನೊಂದು.

ಇಂತಹ ಕ್ಯಾಮೆರಾಗಳು 1990ರ ದಶಕದಲ್ಲಿ ನ್ಯೂಯಾರ್ಕಿನಿಂದ ಮೊದಲಾಗಿ ಅಮೆರಿಕದ ಹಲವು ನಗರಗಳಿಗೆ ಹಬ್ಬಿದವು. ಇದರಿಂದ ಉಪಯೋಗವಾಯಿತೆ ಎಂಬ ಲೆಕ್ಕವೂ ಆರಂಭವಾಯಿತು. 2005ರಲ್ಲಿ ಅಲ್ಲಿನ ಕೇಂದ್ರ ಹೆದ್ದಾರಿ ಆಡಳಿತ ಏಳು ಕಡೆಯ 132 ಚೌಕಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಒಂದು ಗಾಡಿ ಇನ್ನೊಂದರ ಮಗ್ಗುಲಿಗೆ ಅಡ್ಡಲಾಗಿ ಗುದ್ದುವ ಅಪಘಾತಗಳು ಶೇ. 24.6ರಷ್ಟು ಇಳಿದಿದ್ದವು. ಒಳ್ಳೆಯದೇ. ಆದರೆ ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ಶೇ. 14.9ರಷ್ಟು ಏರಿದ್ದವು! ಮುಂದಿನವನು ಕ್ಯಾಮೆರಾ ನೆನಪಾಗಿ ಗಕ್ಕನೆ ಬ್ರೇಕ್ ಹಾಕುತ್ತಾನೆ, ಹಿಂದಿನವನು ಬಂದು ಹಾಯುತ್ತಾನೆ. ಅಡ್ಡ ಗುದ್ದಿನಿಂದ ಆಗುವ ಹಾನಿ ದೊಡ್ಡದು, ಹಿಂದಿನ ಗುದ್ದಿನದು ಸಣ್ಣದು. ಹಾಗಾಗಿ ಒಟ್ಟಿನಲ್ಲಿ ಸ್ವಲ್ಪ ಲಾಭವೇ ಎಂದು ಆ ವರದಿ ತೀರ್ಮಾನಿಸಿತು.

ಹದಿನೈದು ವರ್ಷಗಳ ನಂತರ, 2020ರಲ್ಲಿ, ಕ್ಯಾಂಬೆಲ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಬಳಗ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಗಾಯವಾಗುವ ಅಪಘಾತಗಳು ಒಟ್ಟಾರೆ ಶೇ. 20 ಕಡಿಮೆ, ಅಡ್ಡ ಗುದ್ದು ಶೇ. 24 ಕಡಿಮೆ, ಹಿಂದಿನ ಗುದ್ದು ಶೇ. 19 ಹೆಚ್ಚು. ಅಂದರೆ ದಿಕ್ಕು ಮತ್ತೆ ಅದೇ.

ಆದರೆ ಅದೇ 2020ರಲ್ಲಿ ಇನ್ನೊಂದು ಅಧ್ಯಯನವೂ ಪ್ರಕಟವಾಯಿತು. ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ 2006ರಿಂದ ಕ್ಯಾಮೆರಾಗಳಿದ್ದವು. 2010ರ ನವೆಂಬರ್‌ನಲ್ಲಿ ಜನ ಮತ ಹಾಕಿ ಅವು ಬೇಡ ಎಂದರು. ಕೋರ್ಟಿನ ಜಗ್ಗಾಟ ಮುಗಿದು 2011ರಲ್ಲಿ ಅವು ಪೂರ್ತಿ ಬಂದ್ ಆದವು. ಕ್ಯಾಮೆರಾ ತೆಗೆದ ಮೇಲೆ ಏನಾಯಿತು ಎಂದು ಗ್ಯಾಲಗರ್ ಮತ್ತು ಫಿಶರ್ ಎಂಬ ಅರ್ಥಶಾಸ್ತ್ರಜ್ಞರು ನೋಡಿದರು. ಅಡ್ಡ ಗುದ್ದುಗಳು ಹೆಚ್ಚಾಗಿದ್ದವು ನಿಜ, ಉಳಿದ ಬಗೆಯ ಅಪಘಾತಗಳು ಕಡಿಮೆಯಾಗಿದ್ದವು. ಕ್ಯಾಮೆರಾಗಳಿಂದ ಅಪಘಾತಗಳ ಒಟ್ಟು ಸಂಖ್ಯೆಯಾಗಲಿ ಗಾಯಾಳುಗಳ ಸಂಖ್ಯೆಯಾಗಲಿ ಇಳಿಯಿತು ಎನ್ನಲು ತಮಗೆ ಆಧಾರ ಸಿಗಲಿಲ್ಲ ಎಂದು ಅವರು ಬರೆದರು.

ಹಾಗಾದರೆ ಯಾರನ್ನು ನಂಬೋಣ? ಎರಡೂ ಕಡೆಯವರು ಒಂದು ಮಾತನ್ನು ಮಾತ್ರ ಒಪ್ಪುತ್ತಾರೆ. ಕ್ಯಾಮೆರಾ ಅಪಘಾತದ ಜಾತಿಯನ್ನು ಬದಲಾಯಿಸುತ್ತದೆ. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುತ್ತದೆ. ಯಾಕೆ ಹೀಗೆ ಎಂದು ತಿಳಿಯಲು ಹಳದಿ ದೀಪಕ್ಕೆ ಮರಳಬೇಕು. ಇದನ್ನು ನಾನು ಮರುದಿನ ಕರಿಹಲಗೆಯ ಮೇಲೆ ಲೆಕ್ಕವಾಗಿಯೇ ಬಿಡಿಸಿದೆ. ನೀವೂ ನಿಮ್ಮ ತರಗತಿಯಲ್ಲಿ ಬಿಡಿಸಬಹುದು.

ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 16.7 ಮೀಟರ್ ಹೋಗುತ್ತದೆ. ಹಳದಿ ಕಂಡು ಕಾಲು ಬ್ರೇಕಿನ ಮೇಲೆ ಬೀಳಲು 1 ಸೆಕೆಂಡು ಹಿಡಿಯೋಣ. ಅಷ್ಟರಲ್ಲಿ 17 ಮೀಟರ್ ಹೋಯಿತು. ಗಾಡಿ ಎಳೆದಾಡದಂತೆ ಸಮಾಧಾನದಿಂದ ನಿಲ್ಲಿಸಬೇಕೆಂದರೆ ವೇಗ ಪ್ರತಿ ಸೆಕೆಂಡಿಗೆ 3 ಮೀಟರ್‌ನಂತೆ ಇಳಿಯಬೇಕು. ಹಾಗೆ ನಿಲ್ಲಲು ಇನ್ನೂ 46 ಮೀಟರ್. ಒಟ್ಟು 63 ಮೀಟರ್. ಹಳದಿ ಉರಿಯುವುದು 3 ಸೆಕೆಂಡು ಎಂದಿರಲಿ. ನಿಲ್ಲದೆ ಹೋದರೆ ಅಷ್ಟರಲ್ಲಿ ಗಾಡಿ ದಾಟುವುದು 50 ಮೀಟರ್ ಮಾತ್ರ.

ಈಗ ಹೇಳಿ, ಹಳದಿ ಬಂದಾಗ ಗೆರೆಯಿಂದ 55 ಮೀಟರ್ ದೂರದಲ್ಲಿ ಇದ್ದವನು ಏನು ಮಾಡಬೇಕು? ನೆಟ್ಟಗೆ ನಿಲ್ಲಲು ಜಾಗ ಸಾಲದು, ಕೆಂಪಾಗುವ ಮೊದಲು ದಾಟಲು ಸಮಯ ಸಾಲದು. ಅತ್ತ ದರಿ, ಇತ್ತ ಪುಲಿ. ಅವನು ಪುಂಡನಲ್ಲ, ಕುಡಿದಿಲ್ಲ, ನಿಯಮ ಮುರಿಯಬೇಕೆಂದೂ ಇಲ್ಲ. ಆದರೂ ಆ 13 ಮೀಟರ್ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದಾನೆ. ಕ್ಯಾಮೆರಾ ಇಲ್ಲದಿದ್ದರೆ ಅವನು ಕೆಂಪಾದ ಅರೆ ಸೆಕೆಂಡಿನೊಳಗೆ ದಾಟಿ ಹೋಗುತ್ತಾನೆ. ಕ್ಯಾಮೆರಾ ಇದ್ದರೆ ದಂಡಕ್ಕೆ ಹೆದರಿ ಜೋರಾಗಿ ಬ್ರೇಕ್ ತುಳಿಯುತ್ತಾನೆ. ಹಿಂದೆ ಬರುತ್ತಿದ್ದವನ ಗತಿ?

ಇದೇ ಹಳದಿಯನ್ನು 3.8 ಸೆಕೆಂಡಿಗೆ ಏರಿಸಿ ನೋಡಿ. ಅಷ್ಟರಲ್ಲಿ ಗಾಡಿ 63 ಮೀಟರ್ ದಾಟುತ್ತದೆ. ಸಿಕ್ಕಿಬೀಳುವ ಪಟ್ಟಿಯೇ ಮಾಯ! ಒಂದು ಸೆಕೆಂಡಿಗೂ ಕಡಿಮೆ ಸಮಯದ ವ್ಯತ್ಯಾಸ. ಇದು ನನ್ನ ಶೋಧವೇನಲ್ಲ. ಜನರಲ್ ಮೋಟರ್ಸ್ ಕಂಪನಿಯ ಸಂಶೋಧಕರಾದ ಗ್ಯಾಜಿಸ್, ಹರ್ಮನ್ ಮತ್ತು ಮಾರಾದುದಿನ್ 1960ರಲ್ಲೇ ಈ ಸಮಸ್ಯೆಯನ್ನು ಬಿಡಿಸಿ ಬರೆದಿದ್ದರು. ವೇಗ ಹೆಚ್ಚಿದ್ದಲ್ಲಿ ಹಳದಿ ಹೆಚ್ಚಿರಬೇಕು, ಅಷ್ಟೇ ತಿರುಳು. ನಮ್ಮ ದೇಶದ ಎಂಜಿನಿಯರಿಂಗ್ ಪಠ್ಯಗಳ ಎಷ್ಟೋ ಮಾದರಿ ಲೆಕ್ಕಗಳಲ್ಲಿ ಹಳದಿಯನ್ನು 2 ಸೆಕೆಂಡು ಎಂದು ಹಿಡಿಯುತ್ತಾರೆ. ಮೇಲಿನ ಸೂತ್ರದಂತೆ 2 ಸೆಕೆಂಡು ಸಾಲುವುದು ಗಂಟೆಗೆ ಸುಮಾರು 22 ಕಿ.ಮೀ. ವೇಗಕ್ಕೆ. ಅದು ಸೈಕಲ್ ತುಳಿಯುವವನ ವೇಗ.

ಇಲ್ಲಿಗೆ ವಿಜ್ಞಾನ ಮುಗಿಯಿತು, ಹಣದ ಮಾತು ಶುರುವಾಗುತ್ತದೆ. ಹಳದಿ ಚಿಕ್ಕದಾದಷ್ಟೂ ಸಿಕ್ಕಿಬೀಳುವವರು ಹೆಚ್ಚು, ದಂಡವೂ ಹೆಚ್ಚು. ಶಿಕಾಗೊ ನಗರ 2003ರಲ್ಲಿ ಆರಂಭಿಸಿದ ಕೆಂಪು ದೀಪದ ಕ್ಯಾಮೆರಾ ಯೋಜನೆ ಅಮೆರಿಕದಲ್ಲೇ ಅತಿ ದೊಡ್ಡದಾಗಿ ಬೆಳೆಯಿತು. 2014ರಲ್ಲಿ ನಗರದ ತನಿಖಾಧಿಕಾರಿಯ ವರದಿ ಬಂತು: ಹಳದಿ 3 ಸೆಕೆಂಡಿಗಿಂತ ಒಂದು ಕೂದಲೆಳೆ ಕಡಿಮೆ ಉರಿದಿದ್ದರೂ ಹಾಕಿದ್ದ ದಂಡಗಳು ಸುಮಾರು 77,000! ಅದೇ ಯೋಜನೆಯ ಗುತ್ತಿಗೆಯಲ್ಲಿ ಲಂಚ ಪಡೆದದ್ದು ಸಾಬೀತಾಗಿ ನಗರದ ಮಾಜಿ ಅಧಿಕಾರಿ ಜಾನ್ ಬಿಲ್ಸ್ 2016ರಲ್ಲಿ ಹತ್ತು ವರ್ಷ ಜೈಲು ಶಿಕ್ಷೆಗೆ ಗುರಿಯಾದ.

ಇನ್ನೊಂದು ಕಥೆ ಶಾಲೆಯ ಮಕ್ಕಳಿಗೆ ತುಂಬ ಇಷ್ಟವಾಯಿತು. ಆರೆಗಾನ್ ರಾಜ್ಯದ ಬೀವರ್ಟನ್ ಊರಿನಲ್ಲಿ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಎಂಬವರ ಹೆಂಡತಿಗೆ 2013ರಲ್ಲಿ ಕ್ಯಾಮೆರಾ ದಂಡ ಬಂತು. ಆತ ದಂಡ ಕಟ್ಟಿ ಸುಮ್ಮನಾಗದೆ ಹಳದಿಯ ಲೆಕ್ಕ ಬಿಡಿಸಲು ಕುಳಿತ. ತಿರುವು ತೆಗೆದುಕೊಳ್ಳುವ ಗಾಡಿ ವೇಗ ಇಳಿಸಬೇಕಾಗುತ್ತದೆ, ಆದ್ದರಿಂದ ಅದಕ್ಕೆ ಇನ್ನೂ ಹೆಚ್ಚು ಸಮಯ ಬೇಕು, ಹಳೆಯ ಸೂತ್ರದಲ್ಲಿ ಅದು ಬಿಟ್ಟುಹೋಗಿದೆ ಎಂದು ತೋರಿಸಿದ. ರಾಜ್ಯದ ಎಂಜಿನಿಯರುಗಳ ಮಂಡಳಿ ಏನು ಮಾಡಿತು ಗೊತ್ತೆ? ಪರವಾನಗಿ ಇಲ್ಲದೆ ಎಂಜಿನಿಯರಿಂಗ್ ಮಾಡಿದೆ ಎಂದು ಅವನಿಗೇ 500 ಡಾಲರ್ ದಂಡ ಹಾಕಿತು! ಅವನು ಕೋರ್ಟಿಗೆ ಹೋದ, 2018ರ ಡಿಸೆಂಬರಿನಲ್ಲಿ ಗೆದ್ದ. 2020ರಲ್ಲಿ ಸಾರಿಗೆ ಎಂಜಿನಿಯರುಗಳ ಸಂಸ್ಥೆಯೇ ತನ್ನ ಮಾರ್ಗಸೂಚಿಯನ್ನು ತಿದ್ದಿಕೊಂಡಿತು. ಲೆಕ್ಕ ಸರಿಯಿದ್ದರೆ ಯಾರು ಬಿಡಿಸಿದರೂ ಸರಿಯೇ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇರಲಿ, ನಮ್ಮ ನಾಡಿಗೆ ಬರೋಣ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಯಿತು. ಕೆಂಪು ದೀಪ ಹಾರುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದರು. ಯಂತ್ರಗಳ ಮೂಲಕ ನಿಗಾ ಇಡಲು 136ಎ ಎಂಬ ಹೊಸ ಕಲಮು ಬಂತು. 2021ರ ಆಗಸ್ಟ್‌ನಲ್ಲಿ ಅದರ ನಿಯಮಗಳು ಹೊರಬಿದ್ದವು. ಅವು ಬಹಳ ಜನಕ್ಕೆ ತಿಳಿದಿಲ್ಲ, ತಿಳಿದಿರಬೇಕು. ಕ್ಯಾಮೆರಾಕ್ಕೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬ ಪ್ರಮಾಣಪತ್ರ ಇರಬೇಕು, ಅದು ಪ್ರತಿ ವರ್ಷ ನವೀಕರಣಗೊಳ್ಳಬೇಕು. ಕ್ಯಾಮೆರಾ ಇದೆ ಎಂಬ ಫಲಕ ಮೊದಲೇ ಕಾಣುವಂತಿರಬೇಕು. ತಪ್ಪು ನಡೆದ 15 ದಿನಗಳೊಳಗೆ ನೋಟೀಸು ಕಳಿಸಬೇಕು. ಕ್ಯಾಮೆರಾ ಎಲ್ಲಿರಬೇಕು ಎಂದೂ ಹೇಳಿದ್ದಾರೆ: ಅಪಾಯ ಮತ್ತು ದಟ್ಟಣೆ ಹೆಚ್ಚಿರುವ ಹೆದ್ದಾರಿಗಳು, ಹತ್ತು ಲಕ್ಷ ಮೀರಿದ ನಗರಗಳ ಮುಖ್ಯ ಚೌಕಗಳು, ಜೊತೆಗೆ ಹೆಸರಿಸಿದ 132 ನಗರಗಳು. ನಮ್ಮ ಸುತ್ತಿನ ಸೊಲ್ಲಾಪುರ, ಲಾತೂರ, ಕಲಬುರಗಿ ಮೂರೂ ಆ ಪಟ್ಟಿಯಲ್ಲಿವೆ. ಹಳದಿ ಎಷ್ಟು ಹೊತ್ತು ಉರಿಯಬೇಕು ಎಂಬ ಮಾತು ಮಾತ್ರ ಈ ನಿಯಮದಲ್ಲಿ ಬರುವುದಿಲ್ಲ.

ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಚೌಕಗಳಿಗೆ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ಹಾರುವವರನ್ನು ಹಿಡಿಯುವ 80 ಕ್ಯಾಮೆರಾ ಬಂದವು. ಮುಂದಿನ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಹತ್ತು ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಜಮೆಯಾಯಿತು. ಆ ದಿನಗಳಲ್ಲಿ ಪತ್ರಿಕೆ ಓದಿದವರಿಗೆ ನೆನಪಿರಬಹುದು, ಇವತ್ತು ಎಷ್ಟು ಕೋಟಿ ಬಂತು ಎಂಬುದೇ ದಿನದಿನದ ಸುದ್ದಿ. ಯಾವ ಚೌಕದಲ್ಲಿ ಎಷ್ಟು ಜೀವ ಉಳಿಯಿತು ಎಂಬ ಪಟ್ಟಿಯೂ ಅದೇ ಹುರುಪಿನಿಂದ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮಂತೆಯೇ ಗಡಿಯಾಚೆ ಕನ್ನಡ ಶಾಲೆಗಳನ್ನು ನಡೆಸುವ ಕಾಸರಗೋಡಿನವರು ಇನ್ನೊಂದು ಬಗೆಯನ್ನು ಕಂಡಿದ್ದಾರೆ. ಕೇರಳ ಸರಕಾರ ರಾಜ್ಯದಾದ್ಯಂತ 726 ಕ್ಯಾಮೆರಾ ಹಾಕಿ 2023ರ ಜೂನ್ 5ರಿಂದ ದಂಡ ವಿಧಿಸಲು ಆರಂಭಿಸಿತು. ಅವುಗಳಲ್ಲಿ ಕೆಂಪು ದೀಪಕ್ಕೆಂದು ಇಟ್ಟದ್ದು 18 ಮಾತ್ರ. 675 ಕ್ಯಾಮೆರಾಗಳು ಮುಖ್ಯವಾಗಿ ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ನೋಡಲೆಂದು ಇದ್ದವು. ಅಂದರೆ ಕ್ಯಾಮೆರಾ ಹಾಕುವ ಮೊದಲು 'ನಮ್ಮಲ್ಲಿ ಜನ ಸಾಯುತ್ತಿರುವುದು ಯಾತರಿಂದ' ಎಂದು ಕೇಳಿಕೊಳ್ಳಬಹುದು ಎಂದಾಯಿತು.

ನಾವೂ ಕೇಳಿಕೊಳ್ಳೋಣ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಕೆಂಪು ದೀಪ ಹಾರಿದ್ದರಿಂದ ಸತ್ತವರು 1,462, ಅಂದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅತಿ ವೇಗದಿಂದ ಸತ್ತವರು 1,19,904, ನೂರಕ್ಕೆ ಎಪ್ಪತ್ತು ಮೀರಿ! ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ದ್ವಿಚಕ್ರ ವಾಹನದವರು, ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು.

ಈ ಅಂಕಿಗಳನ್ನು ನೋಡಿದಾಗ ಅಮೆರಿಕದ 2005ರ ತೀರ್ಮಾನವನ್ನು ಹಾಗೇ ಎತ್ತಿ ತರಬಾರದು ಅನಿಸುತ್ತದೆ. ಹಿಂದಿನ ಗುದ್ದು ಸಣ್ಣದು ಎಂದು ಅವರು ಬರೆದದ್ದು ಬೆಲ್ಟ್ ಹಾಕಿಕೊಂಡು ಕಾರಿನಲ್ಲಿ ಕೂತವರನ್ನು ನೋಡಿ. ಅಲ್ಲಿ ಬಂಪರ್ ನೆಗ್ಗುತ್ತದೆ, ಕುತ್ತಿಗೆ ಉಳುಕುತ್ತದೆ. ನಮ್ಮಲ್ಲಿ ಗಕ್ಕನೆ ನಿಲ್ಲುವವನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ಮೋಟಾರ್ ಸೈಕಲ್ಲಿನವನು, ಹಿಂದೆ ಬರುತ್ತಿರುವುದು ಲಾರಿ, ಇಲ್ಲವೆ ಕಬ್ಬು ತುಂಬಿದ ಎರಡು ಟ್ರಾಲಿಯ ಟ್ರ್ಯಾಕ್ಟರ್. ಆ ಹಿಂದಿನ ಗುದ್ದು ಸಣ್ಣದೆ?

ಉಮರ್ಗಾದ ಮೂಲಕ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಹಾದುಹೋಗುತ್ತದೆ. ಮೊದಲು ಅದು ರಾ.ಹೆ. 9, ಈಗ ರಾ.ಹೆ. 65. ಈ ಹೆದ್ದಾರಿಯ ಬದಿಯ ಊರುಗಳಲ್ಲಿ ಒಂದು ಅಪಘಾತವಾದರೆ ಜನ ಸೇರಿ ಹೇಳುವುದು, "ಇಲ್ಲಿ ಸಿಗ್ನಲ್ ಹಾಕ್ರಿ, ಕ್ಯಾಮೆರಾ ಹಾಕ್ರಿ." ಅವರ ನೋವು ನಿಜ. ಶಾಲೆಯ ಮಕ್ಕಳು, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ದಿನಾ ಅಡ್ಡ ದಾಟುವ ರಸ್ತೆ. ಆದರೆ ಅರ್ಜಿ ಬರೆಯುವಾಗ ಮೂರು ಮಾತು ಸೇರಿಸೋಣ. ಒಂದು, ಊರು ಹತ್ತಿರ ಬಂದಲ್ಲಿ ಗಾಡಿಗಳ ವೇಗ ಇಳಿಯುವಂತಾಗಲಿ. ಕ್ಯಾಮೆರಾ ಹಾಕುವುದಾದರೆ ಮೊದಲು ವೇಗ ನೋಡುವ ಕ್ಯಾಮೆರಾ ಬರಲಿ. ಎರಡು, ಸಿಗ್ನಲ್ ಹಾಕಿದರೆ ಹಳದಿಯ ಸಮಯವನ್ನು ಆ ರಸ್ತೆಯಲ್ಲಿ ಗಾಡಿಗಳು ನಿಜವಾಗಿ ಓಡುವ ವೇಗಕ್ಕೆ ಲೆಕ್ಕ ಹಾಕಿ ಇಡಲಿ, ಆ ಲೆಕ್ಕವನ್ನು ಊರವರಿಗೂ ತೋರಿಸಲಿ. ಮೂರು, ಕ್ಯಾಮೆರಾ ಬಂದ ಮೇಲೆ ವರ್ಷಕ್ಕೊಮ್ಮೆ ದಂಡದ ಲೆಕ್ಕದ ಜೊತೆ ಅಪಘಾತದ ಲೆಕ್ಕವನ್ನೂ ಕೊಡಲಿ, ಅದರಲ್ಲಿ ಅಡ್ಡ ಗುದ್ದು ಎಷ್ಟು, ಹಿಂದಿನ ಗುದ್ದು ಎಷ್ಟು ಎಂಬುದು ಬೇರೆ ಬೇರೆಯಾಗಿ ಇರಲಿ.

ಕೊನೆಗೆ ಆ ಹುಡುಗನ ಪ್ರಶ್ನೆ. ಕರಿಹಲಗೆಯ ಲೆಕ್ಕ ಮುಗಿದ ಮೇಲೆ ಅವನಿಗೆ ಹೇಳಿದೆ: "ನಿನ್ನೆ ನಾ ಹೇಳಿದ್ದು ಅರ್ಧ ಉತ್ತರ. ಕ್ಯಾಮೆರಾ ಒಂದ್ ನಮೂನಿ ಆ್ಯಕ್ಸಿಡೆಂಟ್ ಕಡಿಮೆ ಮಾಡ್ತದ, ಇನ್ನೊಂದ್ ನಮೂನಿ ಹೆಚ್ಚು ಮಾಡಬಹುದು. ಹಳದಿ ಸರಿ ಇದ್ರ, ವೇಗ ಕಡಿಮೆ ಇದ್ರ, ಅದು ಜೀವ ಉಳಿಸ್ತದ. ಇಲ್ಲಾಂದ್ರ ಬರೇ ಚಲನ್ ಹರೀತದ." ಅವನು ಸ್ವಲ್ಪ ಹೊತ್ತು ಯೋಚಿಸಿ ಕೇಳಿದ, "ಹಂಗಾದ್ರ ಸರ್, ನಮ್ ಮಾಮಾ ನಿಂತದ್ದು ತಪ್ಪೇನ್ರಿ?"

ಇಲ್ಲಪ್ಪಾ, ನಿಂತದ್ದು ಸರಿ. ಯಾರೂ ಇಲ್ಲದ ಚೌಕದಲ್ಲೂ ಕೆಂಪಿಗೆ ನಿಲ್ಲಬೇಕು. ಆದರೆ ಚಲನ್ನಿಗೆ ಹೆದರಿ ನಿಲ್ಲುವವನು ಕ್ಯಾಮೆರಾ ಇಲ್ಲದ ಊರಿಗೆ ಬಂದಾಗ ನಿಲ್ಲುವುದಿಲ್ಲ. ನಮ್ಮ ಊರುಗಳ ಚೌಕದಲ್ಲಿ ಕ್ಯಾಮೆರಾ ಇಲ್ಲ, ಹೆಚ್ಚಿನ ಕಡೆ ದೀಪವೂ ಇಲ್ಲ. ಇಲ್ಲಿ ಮಕ್ಕಳು ರಸ್ತೆ ದಾಟುವಾಗ ಗಾಡಿಯವನು ತಾನಾಗಿಯೇ ವೇಗ ಇಳಿಸಬೇಕು. ನಿಮ್ಮ ಶಾಲೆಯ ಮುಂದಿನ ರಸ್ತೆ ಹೇಗಿದೆ? ಮಕ್ಕಳಿಂದಲೇ ಒಂದು ದಿನ ಗಾಡಿಗಳ ವೇಗ ಅಳೆಸಿ ನೋಡಿ. ರಸ್ತೆಯಿಂದ ದೂರ ನಿಂತು ನೋಡಿದರೆ ಸಾಕು. ಎರಡು ಕಂಬಗಳ ನಡುವಿನ ದೂರ ಮತ್ತು ಒಂದು ಗಡಿಯಾರ ಇದ್ದರೆ ಲೆಕ್ಕ ಸಿಗುತ್ತದೆ. ಆ ಲೆಕ್ಕ ಹಚ್ಚಿ ಅರ್ಜಿ ಬರೆಯಿರಿ.